ವೈನ್ ರುಚಿ ನೋಡುವ ಕೊಠಡಿ

ವೈನ್ ರುಚಿ ನೋಡುವ ಕೊಠಡಿ ಎಂದರೆ ವೈನ್ ತಯಾರಿಕಾ ಘಟಕವು ತನ್ನ ಉತ್ಪನ್ನಗಳನ್ನು ಸಂದರ್ಶಕರಿಗೆ ಅಲ್ಪ ಪ್ರಮಾಣದಲ್ಲಿ ನೀಡಿ, ಅವುಗಳ ದ್ರಾಕ್ಷಿ ತಳಿ, ತಯಾರಿಕೆ ಮತ್ತು ಗುಣಗಳನ್ನು ವಿವರಿಸುವ ಸ್ಥಳ. ಟೇಸ್ಟಿಂಗ್ ರೂಮ್ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. ಇಲ್ಲಿ ಕುಡಿಯುವುದಕ್ಕಿಂತ ಒಂದು ವೈನನ್ನು ಇನ್ನೊಂದರೊಂದಿಗೆ ಹೋಲಿಸುವುದು ಮುಖ್ಯವಾಗಿರುತ್ತದೆ. ಕೋಲಾರ ಚಿನ್ನದ ಗಣಿ (ಕೆ.ಜಿ.ಎಫ್.) ಮತ್ತು ಬಂಗಾರಪೇಟೆಯ ಕಡೆಯವರಿಗೆ ಇದರ ಪ್ರಸಿದ್ಧ ಉದಾಹರಣೆ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿದೆ.

ಸ್ವರೂಪ

ಇಂತಹ ಕೊಠಡಿಗಳು ಎರಡು ಬಗೆಯವು. ಮೊದಲನೆಯದು ದ್ರಾಕ್ಷಿ ತೋಟಕ್ಕೆ ಹೊಂದಿಕೊಂಡಿರುತ್ತದೆ. ಎರಡನೆಯದು ನಗರದ ಘಟಕದಲ್ಲಿರುತ್ತದೆ. ಅಲ್ಲಿ ತೋಟವಿರುವುದಿಲ್ಲ; ಹೊರಗಿನಿಂದ ದ್ರಾಕ್ಷಿ ತರಿಸಿ ನಗರದಲ್ಲಿಯೇ ಹುದುಗಿಸಲಾಗುತ್ತದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶ ಮತ್ತು ಪೋರ್ಟ್‌ಲ್ಯಾಂಡ್‌ನಲ್ಲಿ ಇಂತಹ ನಗರ ಘಟಕಗಳಿವೆ. ಭಾರತದಲ್ಲಿ ಸುಲಾ ಸಂಸ್ಥೆಯು 2005ರಲ್ಲಿ ನಾಸಿಕ್‌ನ ತನ್ನ ತೋಟದಲ್ಲಿ ದೇಶದ ಮೊದಲ ರುಚಿ ನೋಡುವ ಕೊಠಡಿಯನ್ನು ತೆರೆಯಿತು.

ಕೋಲಾರ ಮತ್ತು ನಂದಿ ಸೀಮೆ

ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರು ಗ್ರಾಮಾಂತರ ಜಿಲ್ಲೆಗಳು ದಕ್ಷಿಣ ಕರ್ನಾಟಕದ ಪ್ರಮುಖ ದ್ರಾಕ್ಷಿ ಬೆಳೆಯುವ ಪ್ರದೇಶಗಳು. ಚಿಕ್ಕಬಳ್ಳಾಪುರವು 2007ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿತ್ತು. ಸಮುದ್ರಮಟ್ಟದಿಂದ 800 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಇಲ್ಲಿ ರಾತ್ರಿಯ ತಾಪಮಾನ ಕಡಿಮೆಯಾಗುತ್ತದೆ. ಇದು ಹಣ್ಣಿನಲ್ಲಿ ಹುಳಿಯ ಅಂಶ ಉಳಿಯಲು ನೆರವಾಗುತ್ತದೆ.

ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಷಾಂಪೇನ್ ತಜ್ಞ ಜಾರ್ಜ್ ವೆಸೆಲ್ ಅವರ ಸಹಯೋಗದಲ್ಲಿ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ವೈನ್‌ಯಾರ್ಡ್ಸ್ ಸ್ಥಾಪಿಸಿದರು. ಸಂಸ್ಥೆಯ ಮೊದಲ ವೈನ್ 1992ರಲ್ಲಿ ಮಾರುಕಟ್ಟೆಗೆ ಬಂದಿತು. 2012ರಲ್ಲಿ ನಾಸಿಕ್‌ನ ವ್ಯಾಲಿ ಡಿ ವಿನ್ ಸಂಸ್ಥೆಯೊಂದಿಗೆ ವಿಲೀನಗೊಂಡ ಬಳಿಕ ಇದು ಗ್ರೋವರ್ ಜಾಂಪಾ ಎಂಬ ಹೆಸರು ಪಡೆಯಿತು. ಕ್ಯಾಬರ್ನೆ ಸೊವಿನ್ಯೋನ್ ಮತ್ತು ಶಿರಾಜ್ ತಳಿಗಳ ಮಿಶ್ರಣವಾದ ‘ಲಾ ರಿಸರ್ವ್’ ಇದರ ಪ್ರಸಿದ್ಧ ವೈನ್.

ಭೇಟಿಯ ಕ್ರಮ

ಭೇಟಿಯು ಸಾಮಾನ್ಯವಾಗಿ ತೋಟದಿಂದ ಆರಂಭವಾಗಿ, ದ್ರಾಕ್ಷಿ ಹಿಂಡುವ ಯಂತ್ರ, ಉಕ್ಕಿನ ತೊಟ್ಟಿಗಳು ಮತ್ತು ಓಕ್ ಮರದ ಪೀಪಾಯಿಗಳ ನೆಲಮಾಳಿಗೆಯ ಮೂಲಕ ಸಾಗಿ ರುಚಿ ನೋಡುವ ಕೊಠಡಿಯಲ್ಲಿ ಮುಗಿಯುತ್ತದೆ. ಕೆಂಪು ವೈನಿಗೆ ದ್ರಾಕ್ಷಿಯ ರಸವನ್ನು ಸಿಪ್ಪೆಯ ಸಮೇತ ಹುದುಗಿಸಲಾಗುತ್ತದೆ. ಬಣ್ಣವೂ ಒಗರೂ ಸಿಪ್ಪೆಯಿಂದಲೇ ಬರುತ್ತವೆ. ಬಿಳಿ ವೈನಿಗೆ ಸಿಪ್ಪೆ ಬೇರ್ಪಡಿಸಿದ ರಸವನ್ನು ಮಾತ್ರ ಬಳಸಲಾಗುತ್ತದೆ. ವರ್ಷದ ಮೊದಲ ತಿಂಗಳುಗಳಲ್ಲಿ ಭೇಟಿ ನೀಡಿದವರಿಗೆ ಕಟಾವಿನ ಕೆಲಸವನ್ನು ನೋಡುವ ಅವಕಾಶವಿರುತ್ತದೆ.

ರುಚಿ ನೋಡುವ ವಿಧಾನ

ಒಂದು ಮಾದರಿಯ ಪ್ರಮಾಣ ಸಾಮಾನ್ಯವಾಗಿ 30ರಿಂದ 50 ಮಿಲಿಲೀಟರ್. ತೆಳು ರುಚಿಯದು ಗಾಢ ರುಚಿಯದರ ಮುಂದೆ ಮಂಕಾಗದಿರಲೆಂದು ಬಿಳಿ ವೈನ್ ಮೊದಲು, ಕೆಂಪು ನಂತರ, ಸಿಹಿ ವೈನ್ ಕೊನೆಯಲ್ಲಿ ಬರುತ್ತದೆ. ಬಿಳಿ ವೈನನ್ನು ಸುಮಾರು 8–12 ಡಿಗ್ರಿ, ಕೆಂಪನ್ನು ಸುಮಾರು 15–18 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀಡುವುದು ರೂಢಿ.

ಗ್ಲಾಸನ್ನು ಬಿಳಿ ಹಿನ್ನೆಲೆಗೆ ಹಿಡಿದು ಬಣ್ಣ ನೋಡುವುದು ಮೊದಲ ಹಂತ. ಬಳಿಕ ಗ್ಲಾಸನ್ನು ಮೆಲ್ಲನೆ ತಿರುಗಿಸಿ ಪರಿಮಳ ಗ್ರಹಿಸಲಾಗುತ್ತದೆ. ಕೊನೆಗೆ ಒಂದು ಗುಟುಕನ್ನು ಬಾಯಿಯಲ್ಲಿ ಹರಡಿ ಸಿಹಿ, ಹುಳಿ ಮತ್ತು ಒಗರನ್ನು ಗುರುತಿಸಬೇಕು. ರುಚಿ ನೋಡಿದ ವೈನನ್ನು ಉಗುಳಲು ಪಾತ್ರೆ ಇರಿಸಿರುತ್ತಾರೆ. ಅದನ್ನು ಬಳಸುವುದು ಅಸಭ್ಯವಲ್ಲ, ವೃತ್ತಿಪರರ ರೂಢಿಯೇ ಅದು.

ಬೆಂಗಳೂರು ನೀಲಿ ಮತ್ತು ಬೆಳೆಗಾರರು

ಈ ಸೀಮೆಯ ರೈತರು ಬಹುಕಾಲದಿಂದ ಬೆಳೆಯುತ್ತಿರುವ ತಳಿ ಬೆಂಗಳೂರು ನೀಲಿ. ಇದಕ್ಕೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ದಪ್ಪ ಸಿಪ್ಪೆಯ, ಬೀಜವುಳ್ಳ ಈ ಹಣ್ಣು ಅಮೆರಿಕ ಮೂಲದ ಲ್ಯಾಬ್ರುಸ್ಕಾ ಗುಂಪಿಗೆ ಸೇರಿದೆ. ಆ ಗುಂಪಿನ ಹಣ್ಣಿಗೆ ಮೀಥೈಲ್ ಆಂಥ್ರನಿಲೇಟ್ ಎಂಬ ಸಂಯುಕ್ತದಿಂದ ವಿಶಿಷ್ಟವಾದ ಗಾಢ ವಾಸನೆ ಬರುತ್ತದೆ. ಯುರೋಪಿನ ವಿನಿಫೆರಾ ತಳಿಗಳ ವೈನಿಗೆ ಒಗ್ಗಿದವರು ಈ ವಾಸನೆಯನ್ನು ದೋಷವೆಂದು ಎಣಿಸುತ್ತಾರೆ. ಆದ್ದರಿಂದ ನಂದಿ ತಪ್ಪಲಿನ ಘಟಕದಲ್ಲಿ ರುಚಿ ನೋಡಲು ದೊರೆಯುವುದು ಹೆಚ್ಚಾಗಿ ಯುರೋಪಿನ ತಳಿಗಳ ವೈನ್. ಸುತ್ತಲಿನ ರೈತರ ಹಣ್ಣು ಬಹುಪಾಲು ತಿನ್ನಲು, ಜ್ಯೂಸ್ ತಯಾರಿಸಲು ಮತ್ತು ಪೋರ್ಟ್ ಎಂಬ ಹೆಸರಿನ ಅಗ್ಗದ ಸಿಹಿ ವೈನ್ ತಯಾರಿಸಲು ಹೋಗುತ್ತದೆ.

ಈ ಅಂತರಕ್ಕೆ ಆರ್ಥಿಕ ಮಹತ್ವವಿದೆ. ಕಟಾವಾದ ತಾಜಾ ದ್ರಾಕ್ಷಿ ಬೇಗ ಕೆಡುತ್ತದೆ. 2020ರ ಲಾಕ್‌ಡೌನ್ ಸಮಯದಲ್ಲಿ ಮಾರುಕಟ್ಟೆ ದೊರೆಯದೆ ಚಿಕ್ಕಬಳ್ಳಾಪುರ ಸೀಮೆಯ ಬೆಳೆಗಾರರು ನಷ್ಟ ಅನುಭವಿಸಿದರು. ಸಂಸ್ಕರಣೆಯಿಂದ ಹಣ್ಣಿಗೆ ಮತ್ತೊಂದು ಮಾರುಕಟ್ಟೆ ಸಿಗುತ್ತದೆ. ಇದೇ ಉದ್ದೇಶದಿಂದ ರಾಜ್ಯ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಜಾರಿಗೆ ತಂದಿತು. ಇದರ ಅನುಷ್ಠಾನಕ್ಕಾಗಿ ದ್ರಾಕ್ಷಾರಸ ಮಂಡಳಿಯನ್ನು ರಚಿಸಲಾಯಿತು. ಮತ್ತೊಂದೆಡೆ, ಮಾದಕ ಪಾನೀಯಗಳ ಸೇವನೆಯನ್ನು ನಿಷೇಧಿಸಲು ರಾಜ್ಯವು ಪ್ರಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ನಿರ್ದೇಶಿಸುತ್ತದೆ. ರೈತರ ಆದಾಯ ಮತ್ತು ಸಾರ್ವಜನಿಕ ಆರೋಗ್ಯ ಇವೆರಡರ ನಡುವೆ ವೈನ್ ನೀತಿ ಸಮತೋಲನ ಸಾಧಿಸಬೇಕಾಗಿದೆ.

ಪ್ರಯಾಣ ಮತ್ತು ಎಚ್ಚರಿಕೆ

ಕೆ.ಜಿ.ಎಫ್.ನ ಮಾರಿಕುಪ್ಪಂನಿಂದ ಬರುವ ರೈಲುಮಾರ್ಗವು ಬಂಗಾರಪೇಟೆಯಲ್ಲಿ ಚೆನ್ನೈ–ಬೆಂಗಳೂರು ಮಾರ್ಗವನ್ನು ಸೇರುತ್ತದೆ. ಬೆಂಗಳೂರಿನಿಂದ ಯಲಹಂಕದ ಮೂಲಕ ದೊಡ್ಡಬಳ್ಳಾಪುರಕ್ಕೆ ರೈಲು ಸಂಪರ್ಕವಿದೆ. ಭೇಟಿಯ ಸಮಯವನ್ನು ಮುಂಚಿತವಾಗಿ ಕಾಯ್ದಿರಿಸುವುದು ಸೂಕ್ತ.

ಮಾದರಿಗಳು ಚಿಕ್ಕವಾದರೂ 30 ಮಿಲಿಲೀಟರಿನ ಐದು ಮಾದರಿಗಳನ್ನು ನುಂಗಿದರೆ ಒಟ್ಟು 150 ಮಿಲಿಲೀಟರ್, ಅಂದರೆ ಸುಮಾರು ಒಂದು ಪೂರ್ಣ ಗ್ಲಾಸ್ ವೈನ್ ಆಗುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದವರು ವಾಹನ ಚಲಾಯಿಸುವುದು ಶಿಕ್ಷಾರ್ಹ ಅಪರಾಧ.