ರೈಲು ಟಿಕೆಟ್: ಹಣ ಎಲ್ಲಿ ಸೋರುತ್ತದೆ, ಎಲ್ಲಿ ಉಳಿಯುತ್ತದೆ?



ರಜೆ ಹತ್ತಿರ ಬಂದಾಗ ಹಾಸ್ಟೆಲಿನಲ್ಲಿ ಒಂದು ಮಾತು ಕೇಳಿಬರುತ್ತದೆ: "ರೈಲಿನಲ್ಲೂ ಈಗ ಹೋಗಲಿಕ್ಕಾಗುವುದಿಲ್ಲ ಮಾರಾಯ್ತಿ, ಅಷ್ಟು ರೇಟು." ಆದರೆ ಪ್ರಯಾಣಿಕರಿಗೆ ತಗಲುವ ಖರ್ಚಿನಲ್ಲಿ ಸರಾಸರಿ ಶೇ. 57ರಷ್ಟನ್ನು ಮಾತ್ರ ವಸೂಲು ಮಾಡುತ್ತೇವೆ ಎಂದು ರೈಲ್ವೆಯೇ ಟಿಕೆಟಿನ ಮೇಲೆ ಅಚ್ಚು ಹಾಕಿತ್ತು. ಈ ಎರಡೂ ಮಾತು ನಿಜ. ಮೂಲ ದರ ಕಡಿಮೆಯೇ ಇದೆ, ಅದರ ಮೇಲೆ ಸೇರಿಕೊಳ್ಳುವ ಬಾಬ್ತುಗಳೇ ನಮ್ಮ ಜೇಬಿಗೆ ಭಾರ. ಅವು ಯಾವುವು, ಯಾವುದನ್ನು ತಪ್ಪಿಸಬಹುದು ಎಂದು ತಿಳಿಸಲು ಈ ಲೇಖನ. ಎಲ್ಲಕ್ಕಿಂತ ದೊಡ್ಡ ಉಳಿತಾಯ ಇರುವುದು ಪ್ರಾಂಶುಪಾಲರ ಒಂದು ಸಹಿಯಲ್ಲಿ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಟಿಕೆಟಿನ ಒಳಗೆ ಏನೇನಿದೆ?

ಸ್ಲೀಪರ್ ಟಿಕೆಟಿನಲ್ಲಿ ಮೂಲ ದರದ ಜೊತೆಗೆ 20 ರೂ. ಕಾಯ್ದಿರಿಸುವ ಶುಲ್ಕ ಇರುತ್ತದೆ. ರೈಲು ಸೂಪರ್‌ಫಾಸ್ಟ್ ಆಗಿದ್ದರೆ ಇನ್ನೂ 30 ರೂ. ತ್ರೀ ಟಯರ್ ಎಸಿಯಲ್ಲಿ ಇವು 40 ಮತ್ತು 45 ರೂ., ಅದರ ಮೇಲೆ ಶೇ. 5 ಜಿಎಸ್‌ಟಿ. ಸ್ಲೀಪರ್ ಮತ್ತು ಸಾಮಾನ್ಯ ದರ್ಜೆಗೆ ಜಿಎಸ್‌ಟಿ ಇಲ್ಲ. ಐಆರ್‌ಸಿಟಿಸಿ ಮೂಲಕ ಆನ್‌ಲೈನ್‌ನಲ್ಲಿ ಕಾಯ್ದಿರಿಸಿದರೆ ಅನುಕೂಲ ಶುಲ್ಕವೂ ಸೇರುತ್ತದೆ. ಯುಪಿಐ ಮೂಲಕ ಪಾವತಿಸಿದರೆ ಎಸಿ ಅಲ್ಲದ ದರ್ಜೆಗೆ 10 ರೂ., ಎಸಿಗೆ 20 ರೂ. ಕಾರ್ಡ್ ಮುಂತಾದ ದಾರಿಗಳಲ್ಲಿ ಅದು 15 ಮತ್ತು 30 ರೂ. ನಿಲ್ದಾಣದ ಕೌಂಟರಿನಲ್ಲಿ ಈ ಶುಲ್ಕವೇ ಇಲ್ಲ.

ಸೂಪರ್‌ಫಾಸ್ಟ್ ರೈಲನ್ನು ಗುರುತಿಸುವುದು ಸುಲಭ. ಅವುಗಳ ಸಂಖ್ಯೆ ಸಾಮಾನ್ಯವಾಗಿ 12, 20 ಅಥವಾ 22ರಿಂದ ಶುರುವಾಗುತ್ತದೆ. ಮಂಗಳೂರಿನಿಂದ ಹೊರಡುವ ಮಲಬಾರ್, ಮಾವೇಲಿ ಎಕ್ಸ್‌ಪ್ರೆಸ್‌ಗಳ ಸಂಖ್ಯೆ 16ರಿಂದ ಆರಂಭವಾಗುತ್ತದೆ, ಆದ್ದರಿಂದ ಅವುಗಳಿಗೆ ಆ ಹೆಚ್ಚುವರಿ ಇಲ್ಲ. ಒಬ್ಬರಿಗೆ 30 ರೂ. ಸಣ್ಣ ಮೊತ್ತವೇ. ಐದು ಮಂದಿಯ ಕುಟುಂಬ ಹೋಗಿಬಂದರೆ 300 ರೂ. ಆಯಿತು.

ದೂರದ ಲೆಕ್ಕವನ್ನೂ ತಿಳಿದಿರಬೇಕು. ಸ್ಲೀಪರಿನಲ್ಲಿ ಎಷ್ಟೇ ಹತ್ತಿರ ಹೋದರೂ ಕನಿಷ್ಠ 200 ಕಿ.ಮೀ. ದರ ಕೊಡಬೇಕು, ತ್ರೀ ಟಯರ್ ಎಸಿಯಲ್ಲಿ ಕನಿಷ್ಠ 300 ಕಿ.ಮೀ. ಮಂಗಳೂರಿನಿಂದ ಕಣ್ಣೂರಿಗೆ ಸುಮಾರು 130 ಕಿ.ಮೀ. ಅಲ್ಲಿಗೆ ಸ್ಲೀಪರ್ ಟಿಕೆಟ್ ತೆಗೆದರೆ ಹೋಗದ 70 ಕಿ.ಮೀ.ಗೂ ಹಣ ಕೊಟ್ಟಂತೆ. ಇನ್ನೊಂದು ಕಡೆ, ದೂರ ಹೆಚ್ಚಿದಂತೆ ಪ್ರತಿ ಕಿಲೋಮೀಟರಿನ ದರ ಇಳಿಯುತ್ತದೆ. ಹಾಗಾಗಿ ಒಂದೇ ದಾರಿಯಲ್ಲಿ ದೂರ ಹೋಗುವಾಗ ಎರಡು ತುಂಡು ಟಿಕೆಟ್‌ಗಳಿಗಿಂತ ನೇರವಾದ ಒಂದು ಟಿಕೆಟ್ ಸಾಮಾನ್ಯವಾಗಿ ಅಗ್ಗ.

ತಡವಾದಷ್ಟೂ ದುಬಾರಿ

2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ. ಅದಕ್ಕೂ ಮೊದಲು ಇದು 120 ದಿನ ಇತ್ತು. ಸೀಟು ಮುಗಿದ ಮೇಲೆ ಉಳಿಯುವುದು ತತ್ಕಾಲ್. ಹೊರಡುವ ಹಿಂದಿನ ದಿನ ಎಸಿಗೆ ಬೆಳಿಗ್ಗೆ 10 ಗಂಟೆಗೆ, ಸ್ಲೀಪರಿಗೆ 11 ಗಂಟೆಗೆ ಅದು ತೆರೆಯುತ್ತದೆ. ಸ್ಲೀಪರಿನಲ್ಲಿ 100ರಿಂದ 200 ರೂ., ತ್ರೀ ಟಯರ್ ಎಸಿಯಲ್ಲಿ 300ರಿಂದ 400 ರೂ. ಹೆಚ್ಚು ಕೊಡಬೇಕು. ಸೀಟು ಖಚಿತವಾದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಹಣ ವಾಪಸು ಬರುವುದಿಲ್ಲ. ಪ್ರೀಮಿಯಂ ತತ್ಕಾಲ್ ಇನ್ನೂ ಮೇಲೆ. ಅಲ್ಲಿ ಸೀಟು ಕಡಿಮೆಯಾದಂತೆ ದರ ಏರುತ್ತಾ ಹೋಗುತ್ತದೆ. ರಾಜಧಾನಿ, ಶತಾಬ್ದಿ, ದುರಂತೊ ರೈಲುಗಳಲ್ಲಿ 2016ರ ಸೆಪ್ಟೆಂಬರಿನಿಂದಲೇ ಇಂಥ ಏರುವ ದರ ಜಾರಿಯಲ್ಲಿದೆ.

ಹಬ್ಬದ ವಿಶೇಷ ರೈಲುಗಳ ಸಂಖ್ಯೆ ಸೊನ್ನೆಯಿಂದ ಶುರುವಾಗುತ್ತದೆ. ಇವುಗಳಲ್ಲಿ ಬಹಳಷ್ಟಕ್ಕೆ ವಿಶೇಷ ದರವಿರುತ್ತದೆ. ಹಣ ಕಟ್ಟುವ ಮೊದಲು ಅದೇ ದಾರಿಯ ಮಾಮೂಲಿ ರೈಲಿನ ದರದ ಜೊತೆ ಹೋಲಿಸಿ ನೋಡಿ.

ನಮಗೆ ಈದ್‌ನ ತೊಂದರೆ ಬೇರೆಯೇ ಇದೆ. ಚಂದ್ರದರ್ಶನವಾಗುವವರೆಗೆ ಹಬ್ಬ ಯಾವ ದಿನ ಎಂದು ಖಚಿತವಿಲ್ಲ, ಆದರೆ ಟಿಕೆಟ್ ಎರಡು ತಿಂಗಳ ಮೊದಲೇ ಖಾಲಿಯಾಗುತ್ತದೆ. ವ್ಯತ್ಯಾಸ ಬರುವುದು ಒಂದು ದಿನ ಮಾತ್ರ. ಆದ್ದರಿಂದ ಮೊದಲು ಬರಬಹುದಾದ ದಿನವನ್ನೇ ಲೆಕ್ಕ ಹಿಡಿದು, ಅದರ ಹಿಂದಿನ ರಾತ್ರಿಯೊಳಗೆ ಮನೆ ಮುಟ್ಟುವಂತೆ 60ನೇ ದಿನವೇ ಕಾಯ್ದಿರಿಸಿ. ಯೋಜನೆ ಬದಲಾದರೆ, ರೈಲು ಹೊರಡುವುದಕ್ಕೆ ಸಾಕಷ್ಟು ಮೊದಲೇ ರದ್ದು ಮಾಡಿದಾಗ ಸ್ಲೀಪರಿನಲ್ಲಿ 120 ರೂ. ಮಾತ್ರ ಕಡಿತವಾಗುತ್ತದೆ. ಕೌಂಟರಿನಲ್ಲಿ ತೆಗೆದ ಖಚಿತ ಟಿಕೆಟಿನ ದಿನಾಂಕವನ್ನು, ಸೀಟು ಇದ್ದರೆ, 48 ಗಂಟೆಗೆ ಮೊದಲು ಒಂದು ಸಲ ಬದಲಾಯಿಸಿಕೊಳ್ಳಲೂಬಹುದು.

ಒಂದು ಎಚ್ಚರಿಕೆ. "ಇನ್ನೂರು ಕೊಡಿ, ಕನ್ಫರ್ಮ್ ಮಾಡಿಸುತ್ತೇನೆ" ಎನ್ನುವವರ ಹತ್ತಿರ ಹೋಗಬೇಡಿ. ಪರವಾನಗಿ ಇಲ್ಲದೆ ಟಿಕೆಟ್ ವ್ಯಾಪಾರ ಮಾಡುವುದು 1989ರ ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ಅಪರಾಧ. ಟಿಕೆಟೇ ಇಲ್ಲದೆ ಹೋಗುವುದು ಉಳಿತಾಯವಲ್ಲ. ಸಿಕ್ಕಿಬಿದ್ದರೆ ಟಿಕೆಟ್ ದರದ ಜೊತೆ ಕನಿಷ್ಠ 250 ರೂ. ತೆರಬೇಕು. ಸಿಕ್ಕಿಬೀಳದಿದ್ದರೂ ಅದು ಸಾರ್ವಜನಿಕರ ಹಣ, ನಮ್ಮ ಕೈಯಲ್ಲಿರುವ ಅಮಾನತ್.

ರಜೆಗೆ ಊರಿಗೆ ಹೋಗುವವರಿಗೆ ಅರ್ಧ ದರ

2020ರ ಮಾರ್ಚ್‌ನಲ್ಲಿ ಹಿರಿಯ ನಾಗರಿಕರದ್ದೂ ಸೇರಿ ಹಲವು ರಿಯಾಯಿತಿಗಳನ್ನು ರೈಲ್ವೆ ನಿಲ್ಲಿಸಿತು. ವಿದ್ಯಾರ್ಥಿಗಳ ರಿಯಾಯಿತಿ ಉಳಿಯಿತು. ಕಲಬುರಗಿ, ವಿಜಯಪುರದಂಥ ದೂರದ ಊರುಗಳಿಂದ ಬಂದು ಹಾಸ್ಟೆಲಿನಲ್ಲಿರುವವರು ಇದನ್ನು ಗಮನಿಸಿ: ಸ್ವಂತ ಊರಿಗೆ ಹೋಗಲು ಮತ್ತು ಶೈಕ್ಷಣಿಕ ಪ್ರವಾಸಕ್ಕೆ ಸೆಕೆಂಡ್ ಮತ್ತು ಸ್ಲೀಪರ್ ದರ್ಜೆಯ ಮೂಲ ದರದಲ್ಲಿ ಶೇ. 50 ರಿಯಾಯಿತಿ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 75. ಇದು ಆನ್‌ಲೈನ್‌ನಲ್ಲಿ ಸಿಗುವುದಿಲ್ಲ, ತತ್ಕಾಲ್‌ಗೂ ಸಿಗುವುದಿಲ್ಲ. ರೈಲ್ವೆಯ ನಿಗದಿತ ನಮೂನೆಯಲ್ಲಿ ಪ್ರಾಂಶುಪಾಲರ ಸಹಿ, ಮೊಹರು ಹಾಕಿಸಿಕೊಂಡು ಕೌಂಟರಿಗೆ ಹೋಗಬೇಕು. ಮೊಬೈಲಿನಲ್ಲೇ ಎಲ್ಲ ಮುಗಿಸುವ ಅಭ್ಯಾಸದಿಂದ ನಾವು ಕಳೆದುಕೊಳ್ಳುತ್ತಿರುವ ದೊಡ್ಡ ರಿಯಾಯಿತಿ ಇದು.

ದಿನವೂ ಓಡಾಡುವವರಿಗೆ ಉಚಿತ

ಈಗ ಮುಖ್ಯ ವಿಷಯ. ಮನೆಯಿಂದ ಕಾಲೇಜಿಗೆ ದಿನವೂ ರೈಲಿನಲ್ಲಿ ಬರುವ ಹುಡುಗಿಯರಿಗೆ ಪದವಿಯವರೆಗೆ, ಹುಡುಗರಿಗೆ 12ನೇ ತರಗತಿಯವರೆಗೆ ಸೆಕೆಂಡ್ ಕ್ಲಾಸ್ ಮಾಸಿಕ ಸೀಸನ್ ಟಿಕೆಟ್ ಉಚಿತ. ಮದರಸಾ ವಿದ್ಯಾರ್ಥಿಗಳ ಹೆಸರೂ ಈ ನಿಯಮದಲ್ಲಿ ಸ್ಪಷ್ಟವಾಗಿ ಇದೆ. ದ್ವಿತೀಯ ಪಿಯುಸಿ ಎಂದರೆ 12ನೇ ತರಗತಿ. ಅಂದರೆ ನಮ್ಮ ಕಾಲೇಜಿನ ಹುಡುಗರು, ಹುಡುಗಿಯರು ಎಲ್ಲರೂ ಇದರೊಳಗೆ ಬರುತ್ತಾರೆ. ಪದವಿಗೆ ಹೋದ ಮೇಲೆ ಹುಡುಗರಿಗೆ ಸೀಸನ್ ಟಿಕೆಟಿನಲ್ಲಿ ಅರ್ಧ ರಿಯಾಯಿತಿ ಸಿಗುತ್ತದೆ.

ಸೀಸನ್ ಟಿಕೆಟ್ 150 ಕಿ.ಮೀ.ವರೆಗೆ ಸಿಗುತ್ತದೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 46 ಕಿ.ಮೀ. ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ ಅದಕ್ಕಿಂತ ಹತ್ತಿರ. ಇನ್ನೊಂದು ಬದಿಯಲ್ಲಿ ಬಂಟ್ವಾಳ, ಕಬಕ ಪುತ್ತೂರು ಇವೆ. ಈ ಟಿಕೆಟ್ ಹಿಡಿದು ಕಾಯ್ದಿರಿಸಿದ ಬೋಗಿಗೆ ಹತ್ತುವಂತಿಲ್ಲ ಎಂಬುದು ಮಾತ್ರ ನೆನಪಿರಲಿ. ನಾನು ಉಪ್ಪಳದಿಂದ ಬರುವವಳು. ನಮ್ಮ ಬೋಗಿಯಲ್ಲಿ ಪ್ರತಿದಿನ ಟಿಕೆಟ್ ಕೊಂಡು ಬರುವ ಬೇರೆ ಕಾಲೇಜುಗಳ ಹುಡುಗಿಯರನ್ನು ಕೇಳಿದೆ. ಹೆಚ್ಚಿನವರಿಗೆ ಈ ಸೌಲಭ್ಯ ಇದೆಯೆಂದೇ ಗೊತ್ತಿರಲಿಲ್ಲ.

ಲೆಕ್ಕ ಹಾಕಿ ನೋಡಿ. ಬಸ್ಸಿಗೆ ಹೋಗಿಬರಲು ದಿನಕ್ಕೆ 60 ರೂ. ಎಂದಿಟ್ಟುಕೊಂಡರೆ, 24 ದಿನಕ್ಕೆ 1,440 ರೂ., ಹತ್ತು ತಿಂಗಳಿಗೆ 14,400 ರೂ. ಶಕ್ತಿ ಯೋಜನೆ ಖಾಸಗಿ ಬಸ್ಸುಗಳಿಗೆ ಅನ್ವಯಿಸುವುದಿಲ್ಲ, ನಮ್ಮ ಕರಾವಳಿಯಲ್ಲಿ ಓಡುವವು ಹೆಚ್ಚಾಗಿ ಅವೇ. ಕಾಸರಗೋಡಿನ ಕಡೆಯವರಿಗಂತೂ ರಾಜ್ಯವೇ ಬೇರೆ. ಇಬ್ಬರು ಮಕ್ಕಳು ಓದುವ ಮನೆಯಲ್ಲಿ ಈ ಮೊತ್ತ ಬಂದಾಗ, "ಒಬ್ಬರು ಹೋದರೆ ಸಾಕು" ಎಂಬ ಮಾತು ಬರುತ್ತದೆ. ಆ ಒಬ್ಬರು ಸಾಮಾನ್ಯವಾಗಿ ಹುಡುಗಿ ಆಗಿರುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದು ಮನೆಯಲ್ಲೇ ಉಳಿದ ಹುಡುಗಿಯರು ನಮ್ಮೆಲ್ಲರ ಮೊಹಲ್ಲಾದಲ್ಲೂ ಇದ್ದಾರೆ. ಅವರಲ್ಲಿ ಕೆಲವರಿಗಾದರೂ ಅಡ್ಡಿಯಾದದ್ದು ಈ ದಾರಿಖರ್ಚು.

ಏನು ಮಾಡಬೇಕು?

ನಮ್ಮ ಊರಿನ ನಿಲ್ದಾಣದ ಕೌಂಟರಿನಲ್ಲಿ ನಮೂನೆಯ ಬಗ್ಗೆ ವಿಚಾರಿಸಿ. ಕಾಲೇಜಿನ ಗುರುತಿನ ಚೀಟಿ, ವಿಳಾಸದ ದಾಖಲೆ, ಫೋಟೋ ಜೊತೆಗಿಟ್ಟುಕೊಳ್ಳಿ. ಕಾಲೇಜು ಕಚೇರಿಯಲ್ಲಿ ತುಂಬಿಸಿ, ಪ್ರಾಂಶುಪಾಲರ ಸಹಿ ಹಾಕಿಸಿ. ತಿಂಗಳು ಮುಗಿಯುವ ಮೊದಲೇ ನವೀಕರಿಸಿಕೊಳ್ಳಿ.

ಕಚೇರಿಯ ಸಿಬ್ಬಂದಿಯಲ್ಲಿ ಒಂದು ವಿನಂತಿ: ಈ ನಮೂನೆಗಳನ್ನು ಪ್ರವೇಶಾತಿಯ ದಿನವೇ ಅರ್ಜಿಯ ಜೊತೆ ಕೊಡುವಂತಾಗಲಿ. ಮಗಳನ್ನು ಸೇರಿಸಲೋ ಬೇಡವೋ ಎಂದು ಯೋಚಿಸುತ್ತಾ ಕಿಟಕಿಯ ಮುಂದೆ ನಿಂತ ತಂದೆಗೆ, ದಾರಿಖರ್ಚು ಇಲ್ಲ ಎಂಬ ಮಾತು ಆ ಹೊತ್ತಿಗೇ ತಿಳಿಯಬೇಕು.

— ದ್ವಿತೀಯ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ