ನಿಮಗಿದು ಗೊತ್ತೇ? ಊರೂರು ಸುತ್ತುವ ಬೈಕಿಗೂ ವರ್ಷಕ್ಕೊಂದು ಪರೀಕ್ಷೆ!

ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಮೋಟಾರ್‌ಸೈಕಲ್ ವರ್ಷಕ್ಕೊಮ್ಮೆ ಪರೀಕ್ಷೆ ಪಾಸಾಗಲೇಬೇಕು. ಉತ್ತರ ಐರ್ಲೆಂಡಿನಲ್ಲಿ ಮಾತ್ರ ನಾಲ್ಕು ವರ್ಷ. ಈ ಪರೀಕ್ಷೆಯ ಹೆಸರು ಎಂಒಟಿ, ಅಂದರೆ ಮಿನಿಸ್ಟ್ರಿ ಆಫ್ ಟ್ರಾನ್ಸ್‌ಪೋರ್ಟ್. ಆ ಸಚಿವಾಲಯ 1970ರಲ್ಲೇ ಬೇರೆ ಇಲಾಖೆಯೊಳಗೆ ಸೇರಿಹೋಯಿತು. ಜನರ ಬಾಯಲ್ಲಿ ಹೆಸರು ಹಾಗೆಯೇ ಉಳಿಯಿತು.

1960ರಲ್ಲಿ ಈ ಪರೀಕ್ಷೆ ಶುರುವಾದಾಗ ಹತ್ತು ವರ್ಷ ಹಳೆಯ ಗಾಡಿಗಳಿಗಷ್ಟೇ ಅನ್ವಯ. ನೋಡುತ್ತಿದ್ದುದೂ ಮೂರೇ: ಬ್ರೇಕು, ದೀಪ, ಸ್ಟಿಯರಿಂಗು. ಗಡುವು ಮೂರು ವರ್ಷಕ್ಕೆ ಇಳಿದದ್ದು 1967ರಲ್ಲಿ. ಟಯರು ಸೇರಿದ್ದು ಅದರ ಮರುವರ್ಷ.

ಬೈಕಿನ ಪರೀಕ್ಷೆಗೆ ಗರಿಷ್ಠ ಶುಲ್ಕ 29 ಪೌಂಡ್ 65 ಪೆನ್ಸ್. ಸೈಡ್‌ಕಾರ್ ಇದ್ದರೆ 37 ಪೌಂಡ್ 80 ಪೆನ್ಸ್. ಪಾಸಾಗದೆ ರಸ್ತೆಗಿಳಿದು ಸಿಕ್ಕಿಬಿದ್ದರೆ ದಂಡ 1,000 ಪೌಂಡ್‌ವರೆಗೂ ಹೋಗಬಹುದು.

ಮೊದಲ ಸುತ್ತಿನಲ್ಲೇ ಫೇಲಾಗುವ ಪ್ರಮಾಣ ಕಾರುಗಳಿಗಿಂತ ಬೈಕುಗಳಲ್ಲಿ ಕಡಿಮೆ. ಹೋಂಡಾ ಗೋಲ್ಡ್ ವಿಂಗ್, ಪ್ಯಾನ್ ಯುರೋಪಿಯನ್, ಬಿಎಂಡಬ್ಲ್ಯುವಿನ ಆರ್‌ಟಿ ಮುಂತಾದ ಟೂರಿಂಗ್ ಬೈಕುಗಳಿಗೆ ಇನ್ನೂ ಒಂದು ಅನುಕೂಲವಿದೆ. ಇವುಗಳಲ್ಲಿ ಹಿಂದಿನ ಚಕ್ರ ತಿರುಗಿಸುವುದು ಶಾಫ್ಟ್. ಚೈನ್ ಸಡಿಲವಾಗಿದೆ, ಸ್ಪ್ರಾಕೆಟ್ ಹಲ್ಲು ಸವೆದಿದೆ ಎಂಬ ತಕರಾರೇ ಇಲ್ಲ.

ಹಾಗಾದರೆ ಇಂಥ ಗಾಡಿಗಳು ಎಡವುವುದೆಲ್ಲಿ? ಮೊದಲಿಗೆ ಹಿಂದಿನ ಟಯರಿನಲ್ಲಿ. ಮೋಟಾರ್‌ವೇಯಲ್ಲಿ ಸಾವಿರಾರು ಮೈಲಿ ನೆಟ್ಟಗೆ ಓಡಿದ ಟಯರು ಅಂಚಿನಲ್ಲಿ ಹೊಸದರಂತೆ ಕಾಣುತ್ತದೆ, ನಡುವೆ ಮಾತ್ರ ಚಪ್ಪಟೆಯಾಗಿ ಬೋಳಾಗಿರುತ್ತದೆ. 50 ಸಿಸಿ ದಾಟಿದ ಬೈಕಿಗೆ ಅಲ್ಲಿನ ನಿಯಮ ಹೀಗಿದೆ: ಟಯರಿನ ಅಗಲದ ಮುಕ್ಕಾಲು ಪಾಲಿನಲ್ಲಿ, ಸುತ್ತಲೂ ಒಂದೇ ಸಮನೆ ಕನಿಷ್ಠ 1 ಮಿಲಿಮೀಟರ್ ಆಳದ ಗೀರು ಉಳಿದಿರಬೇಕು. ಕಾರಿಗೆ ಇದು 1.6 ಮಿಲಿಮೀಟರ್. ನಿಂತು ನೋಡಿದರೆ ಅಂಚು ಕಣ್ಣಿಗೆ ಬೀಳುತ್ತದೆ. ಪರೀಕ್ಷಕ ಕುಕ್ಕರಗಾಲಲ್ಲಿ ಕೂತು ಚಕ್ರ ತಿರುಗಿಸಿ ನಡುವಿನ ಗೀರನ್ನೇ ಅಳೆಯುತ್ತಾನೆ.

ಎರಡನೆಯದು ಹೆಡ್‌ಲೈಟ್. ಹಿಂದೆ ಸಹಸವಾರರು, ಎರಡು ಬದಿಗೂ ಪೆಟ್ಟಿಗೆ, ಮೇಲೊಂದು ಡಬ್ಬ: ಇಷ್ಟು ಭಾರಕ್ಕೆ ಬೈಕಿನ ಹಿಂಭಾಗ ಕುಸಿಯುತ್ತದೆ, ಬೆಳಕು ಮೇಲಕ್ಕೇರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅದಕ್ಕೆಂದು ಹಿಂದಿನ ಸ್ಪ್ರಿಂಗ್ ಬಿಗಿ ಮಾಡುತ್ತಾರೆ. ಪ್ರವಾಸ ಮುಗಿದ ಮೇಲೆ ಅದನ್ನು ಸಡಿಲಿಸಲು ಮರೆತು ಖಾಲಿ ಬೈಕನ್ನು ಪರೀಕ್ಷೆಗೆ ತಂದರೆ, ಅದೇ ಬೆಳಕು ಮುಂಚಕ್ರದ ಹತ್ತಿರವೇ ಬಿದ್ದಿರುತ್ತದೆ. ಇಡೀ ಪರೀಕ್ಷೆಯಲ್ಲಿ ಇಷ್ಟು ಸುಲಭವಾಗಿ ತಪ್ಪಿಸಬಹುದಾದ ಫೇಲ್ ಇನ್ನೊಂದಿಲ್ಲ. ಒಂದು ತಿರುಪಿನ ಕೆಲಸ.

ಬ್ರೇಕಿಗೆ ಲೆಕ್ಕವೇ ಇದೆ. ಒಂದು ಬ್ರೇಕು ಕನಿಷ್ಠ ಶೇ. 30, ಇನ್ನೊಂದು ಶೇ. 25 ದಕ್ಷತೆ ತೋರಬೇಕು. ಚಕ್ರ ಎತ್ತಿ ತಿರುಗಿಸಿ, ಬ್ರೇಕು ಬಿಟ್ಟ ಮೇಲೂ ಹಿಡಿದುಕೊಂಡಿದೆಯೇ ಎಂದೂ ನೋಡುತ್ತಾರೆ. ಚಳಿಗಾಲದಲ್ಲಿ ಹಿಮ ಕಟ್ಟದಿರಲೆಂದು ರಸ್ತೆಗೆ ಉಪ್ಪು ಸುರಿಯುವ ನಾಡು ಅದು. ಆ ಉಪ್ಪು ಬ್ರೇಕಿನ ಕ್ಯಾಲಿಪರ್ ಸೇರಿದರೆ ಅದರ ಪಿಸ್ಟನ್ ಜಾಮ್ ಆಗುತ್ತದೆ.

ನಮ್ಮ ಮೆಕ್ಯಾನಿಕ್‌ಗಳು ಕೋನ್‌ಸೆಟ್ ಎನ್ನುವ, ಹ್ಯಾಂಡಲ್ ತಿರುಗುವ ಬುಡದ ಬೇರಿಂಗಿಗೆ ಅಲ್ಲಿ ಬಹಳ ಮಹತ್ವ. ಮುಂಚಕ್ರ ನೆಲ ಬಿಟ್ಟು ನಿಲ್ಲುವಂತೆ ಬೈಕ್ ಎತ್ತುತ್ತಾರೆ. ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸುವಾಗ ಎಲ್ಲೂ ತಡೆಯಬಾರದು. ಆಮೇಲೆ ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಾಗ ಕೈಗೆ ‘ಟಕ್’ ಎಂದು ತಾಗಬಾರದು. ಮುನ್ನೂರು, ನಾನೂರು ಕಿಲೋ ತೂಗುವ ಗಾಡಿಯಲ್ಲಿ ಆ ಸಣ್ಣ ‘ಟಕ್’ ವೇಗ ಹೆಚ್ಚಿದಂತೆ ಹ್ಯಾಂಡಲ್ ನಡುಕವಾಗಿ ಬರುತ್ತದೆ. ಫೋರ್ಕಿನ ಸೀಲಿನಿಂದ ಎಣ್ಣೆ ಸೋರುತ್ತಿದ್ದರೆ ಅದೂ ಪಟ್ಟಿಗೆ ಸೇರುತ್ತದೆ.

ಪರೀಕ್ಷಕ ಗಾಡಿಯ ಯಾವ ಭಾಗವನ್ನೂ ಬಿಚ್ಚುವಂತಿಲ್ಲ! ಟೂರಿಂಗ್ ಬೈಕಿನ ಮೈತುಂಬ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಅದರ ಹಿಂದೆ ತುಕ್ಕು ಹಿಡಿದಿದ್ದರೂ ಹೊರಗಿನಿಂದ ಕಾಣದ್ದು ವರದಿಯಲ್ಲಿ ಬರುವುದಿಲ್ಲ. ಹಾಗಾಗಿ ಎಂಒಟಿ ಪಾಸಾಗಿದೆ ಎಂಬ ಒಂದೇ ಮಾತಿಗೆ ಹಳೆಯ ಬೈಕ್ ಕೊಳ್ಳುವುದು ತಪ್ಪು.

ಆದರೆ ಕೊಳ್ಳುವವರಿಗೆ ಇಲ್ಲೊಂದು ದೊಡ್ಡ ಉಪಕಾರವೂ ಇದೆ. ನಂಬರ್ ಪ್ಲೇಟಿನ ಸಂಖ್ಯೆ ಹಾಕಿದರೆ ಸಾಕು, ಆ ಬೈಕ್ ಯಾವ ವರ್ಷ ಯಾವುದಕ್ಕೆ ಫೇಲಾಯಿತು, ಅಂದು ಮೀಟರ್ ಎಷ್ಟು ಮೈಲಿ ತೋರಿಸುತ್ತಿತ್ತು ಎಂಬುದನ್ನು ಸರ್ಕಾರವೇ ಅಂತರ್ಜಾಲದಲ್ಲಿ ಉಚಿತವಾಗಿ ತೋರಿಸುತ್ತದೆ. ಮೀಟರ್ ಹಿಂದಕ್ಕೆ ತಿರುಗಿಸಿದ ಮೋಸ ಅಲ್ಲೇ ಬಯಲು. ನಮ್ಮ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೂ ಇಂಥದೊಂದು ಬರಲೇಬೇಕು.

2018ರ ಮೇ 20ರಿಂದ ದೋಷಗಳನ್ನು ಅಪಾಯಕಾರಿ, ದೊಡ್ಡದು, ಚಿಕ್ಕದು ಎಂದು ವಿಂಗಡಿಸುತ್ತಾರೆ. ಮೊದಲೆರಡರಲ್ಲಿ ಒಂದಿದ್ದರೂ ಫೇಲ್. ಅದೇ ದಿನದಿಂದ, ದೊಡ್ಡ ಮಾರ್ಪಾಡು ಕಾಣದ 40 ವರ್ಷ ದಾಟಿದ ಗಾಡಿಗಳಿಗೆ ವಿನಾಯಿತಿ ಸಿಕ್ಕಿತು. 1975ರ ಮೊದಲ ಗೋಲ್ಡ್ ವಿಂಗ್‌ಗಳು ಈಗ ಆ ಪಟ್ಟಿಯಲ್ಲಿವೆ.

ಸೈಲೆನ್ಸರಿಗೂ ಒಂದು ನಿಯಮವಿದೆ: ‘ರೇಸ್ ಟ್ರ್ಯಾಕಿಗೆ ಮಾತ್ರ’ ಎಂದು ಅಚ್ಚೊತ್ತಿದ ಸೈಲೆನ್ಸರ್ ಹಾಕಿದ್ದರೆ ಶಬ್ದ ಎಷ್ಟೇ ಮೆತ್ತಗಿರಲಿ, ಫೇಲ್.

ಎಲ್ಲೆಡೆಯೂ ಹೀಗೆಯೇ ಇಲ್ಲ. 1907ರಿಂದ ಟಿಟಿ ರೇಸಿಗೆ ಹೆಸರಾದ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಸ್ಥಳೀಯರ ಬೈಕಿಗೆ ವಾರ್ಷಿಕ ತಪಾಸಣೆಯೇ ಇಲ್ಲ. ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ ಇದೆ. ಫ್ರಾನ್ಸಿನಲ್ಲಿ ಬೈಕುಗಳ ತಪಾಸಣೆ ಶುರುವಾದದ್ದೇ 2024ರ ಏಪ್ರಿಲ್ 15ರಂದು.

ಇನ್ನು ನಮ್ಮೂರಿಗೆ ಬನ್ನಿ. ಬ್ರಿಟನ್ನಿನ ಎಂಒಟಿಯಲ್ಲಿ ಬೈಕಿಗೆ ಬ್ರೇಕು, ಟಯರು, ಕೋನ್‌ಸೆಟ್ ಎಲ್ಲ ನೋಡುತ್ತಾರೆ, ಹೊಗೆಯನ್ನು ಮಾತ್ರ ಅಳೆಯುವುದಿಲ್ಲ. ಕರ್ನಾಟಕದಲ್ಲಿ ಇದಕ್ಕೆ ತದ್ವಿರುದ್ಧ. ನಿಯಮಿತವಾಗಿ ಮಾಡಿಸಬೇಕಾದ ಎಮಿಷನ್ ಟೆಸ್ಟ್ ಹೊಗೆಯನ್ನಷ್ಟೇ ಅಳೆಯುತ್ತದೆ. ಸ್ವಂತ ಬೈಕಿನ ಬ್ರೇಕು, ಟಯರು ಆರ್‌ಟಿಒ ಕಣ್ಣಿಗೆ ಬೀಳುವುದು 15 ವರ್ಷದ ನೋಂದಣಿ ಮುಗಿದು ನವೀಕರಣಕ್ಕೆ ಹೋದಾಗ. ಚಿಕ್ಕಮಗಳೂರಿನ ಘಾಟಿ ಹತ್ತುವ, ಆಗುಂಬೆಯ ತಿರುವು ಇಳಿಯುವ ಬೈಕಿಗೂ ಇದೇ ಕಾನೂನು. ಆದ್ದರಿಂದ ಮುಂದಿನ ಪ್ರವಾಸಕ್ಕೆ ಬ್ಯಾಗು ಕಟ್ಟುವ ಮುನ್ನ ಹಿಂದಿನ ಟಯರಿನ ಎದುರು ಕೂತು, ಅಂಚು ಬಿಟ್ಟು ನಡುವಿನ ಗೀರಿಗೆ ಒಮ್ಮೆ ಬೆರಳಿಟ್ಟು ನೋಡಿ.