ಮೂವತ್ತೈದು ಸಾವಿರದೊಳಗೆ ಹೋಮ್ ಥಿಯೇಟರ್ ರಿಸೀವರ್: ಏನು ನೋಡಬೇಕು, ಏನು ಬಿಡಬೇಕು

ನಮ್ಮ ಸಂಘದ ಸಿನಿಮಾ ಸಂಜೆಗಳಿಗೆ ಬರುವವರಿಗೆಲ್ಲ ಗೊತ್ತು, ಹಳೇ ರಿಸೀವರ್ ಕಳೆದ ಸೆಮಿಸ್ಟರ್ ಕೊನೆಗೆ ಕೈಕೊಟ್ಟಿತು. ಪರದೆ ಮೇಲೆ ಚಿತ್ರ ಬರ್ತಿತ್ತು, ಸದ್ದು ಮಾತ್ರ ಇಲ್ಲ. ಹೊಸದಕ್ಕೆ ಅಂತ ಎಪ್ಪತ್ತು ಜನ ತಲಾ 500 ರೂಪಾಯಿ ಹಾಕಿದ್ದೀವಿ. ಒಟ್ಟು 35,000. ಇದರಲ್ಲಿ ಮನೆಯಿಂದ ಬಂದ ಊಟದ ದುಡ್ಡೂ ಇದೆ, ಟ್ಯೂಷನ್ ಹೇಳಿ ಗಳಿಸಿದ್ದೂ ಇದೆ. ಹಾಗಾಗಿ "ಅಂಗಡಿಯವರು ಹೇಳಿದ್ದು ತಂದ್ವಿ" ಅಂತ ಲೆಕ್ಕ ಒಪ್ಪಿಸೋಕೆ ಆಗಲ್ಲ. ನಾಲ್ಕು ವಾರ ಕೂತು ಓದಿ, ಅಳೆದು, ವಿಚಾರಿಸಿ ತಿಳಿದಿದ್ದನ್ನ ಇಲ್ಲಿ ಬರೆದಿದ್ದೀವಿ. ನಾಳೆ ನಿಮ್ಮ ಮನೆಗೆ ತರುವಾಗಲೂ ಇದೇ ಲೆಕ್ಕ ನಡೆಯುತ್ತೆ.

ರಿಸೀವರ್ ಮಾಡೋ ಕೆಲಸ ಏನು?

ರಿಸೀವರ್ ಒಂದೇ ಡಬ್ಬಿಯೊಳಗೆ ಮೂರು ಕೆಲಸ ಮಾಡುತ್ತೆ. ಲ್ಯಾಪ್‌ಟಾಪ್, ಸೆಟ್‌ಟಾಪ್ ಬಾಕ್ಸ್, ಗೇಮ್ ಕನ್ಸೋಲ್ ಇವುಗಳಲ್ಲಿ ಯಾವುದರ ಸಿಗ್ನಲ್ ಬೇಕು ಅಂತ ಆರಿಸುತ್ತೆ. ಡಾಲ್ಬಿ, ಡಿಟಿಎಸ್ ರೂಪದಲ್ಲಿ ಒತ್ತಿಟ್ಟ ಸದ್ದನ್ನ ಬಿಡಿಸಿ ಐದಾರು ಚಾನೆಲ್ ಮಾಡುತ್ತೆ. ಆಮೇಲೆ ಪ್ರತಿ ಚಾನೆಲ್ಲಿಗೂ ಒಂದು ಆಂಪ್ಲಿಫೈಯರ್ ಇಟ್ಟು ಸ್ಪೀಕರಿಗೆ ಕಳಿಸುತ್ತೆ. ಸೌಂಡ್‌ಬಾರ್‌ನಲ್ಲೂ ಇವೆಲ್ಲ ಇರುತ್ತೆ, ಆದರೆ ಸ್ಪೀಕರ್ ಸಮೇತ ಒಟ್ಟಿಗೆ ಅಂಟಿಕೊಂಡಿರುತ್ತೆ. ಒಂದು ಹೋದರೆ ಎಲ್ಲಾ ಹೋದಂಗೆ. ನಮ್ಮ ಹತ್ರ ಹಳೇ ಸ್ಪೀಕರ್‌ಗಳು ಚೆನ್ನಾಗೇ ಇವೆ, ಅದಕ್ಕೇ ರಿಸೀವರ್ ಮಾತ್ರ ಬದಲಿಸೋದು ಅಂತ ನಿರ್ಧಾರ ಆಯ್ತು. ಸ್ಪೀಕರ್ ಇಲ್ಲದವರು, ಚಿಕ್ಕ ರೂಮಿನಲ್ಲಿ ಇರೋರು ಸೌಂಡ್‌ಬಾರ್ ಕೊಂಡರೆ ತಪ್ಪೇನಿಲ್ಲ.

ವ್ಯಾಟ್ ಅನ್ನೋ ಮಾಯೆ

"ಇದು ಸಾವಿರ ವ್ಯಾಟ್ ಸರ್" ಅನ್ನೋ ಮಾತು ಯಾವ ಅಂಗಡಿಗೆ ಹೋದರೂ ಕೇಳಿಸುತ್ತೆ. ಮೊದಲು ಕೇಳಬೇಕಾದ್ದು, ಯಾವ ಷರತ್ತಿನಲ್ಲಿ ಅಳೆದ ವ್ಯಾಟ್? ಒಂದೇ ರಿಸೀವರಿಗೆ ಕ್ಯಾಟಲಾಗಿನಲ್ಲಿ ಎರಡು ಸಂಖ್ಯೆ ಇರಬಹುದು. ಒಂದು ಕಡೆ 6 ಓಮ್, 1 ಕಿಲೋಹರ್ಟ್ಸ್, ಒಂದೇ ಚಾನೆಲ್ ಓಡಿಸಿ ಬಂದ ದೊಡ್ಡ ಸಂಖ್ಯೆ. ಇನ್ನೊಂದು ಕಡೆ 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಎರಡು ಚಾನೆಲ್ ಒಟ್ಟಿಗೆ ಓಡಿಸಿ, ವಿರೂಪ ಶೇ. 0.1ಕ್ಕಿಂತ ಕಡಿಮೆ ಇರುವಾಗ ಬಂದ ಚಿಕ್ಕ ಸಂಖ್ಯೆ. ಹೋಲಿಸಬೇಕಾದ್ದು ಈ ಎರಡನೆಯದನ್ನ. ಪಿಎಂಪಿಒ ಅಂತ ಬರೆದಿದ್ದರೆ ಅದನ್ನ ಓದೋದೇ ಬೇಡ, ಅದಕ್ಕೆ ಒಪ್ಪಿತವಾದ ಅಳತೆಯೇ ಇಲ್ಲ. ಅಮೆರಿಕದಲ್ಲಿ ಇಂಥ ಉತ್ಪ್ರೇಕ್ಷೆ ತಡೆಯೋಕೆ 1974ರಲ್ಲೇ ಆಂಪ್ಲಿಫೈಯರ್ ವ್ಯಾಟ್ ಹೇಳುವ ನಿಯಮ ತಂದರು ಅಂದ್ರೆ ರೋಗ ಎಷ್ಟು ಹಳೇದು ನೋಡಿ.

ಈಗ ನಮಗೆ ನಿಜಕ್ಕೂ ಎಷ್ಟು ಬೇಕು ಅಂತ ಲೆಕ್ಕ ಹಾಕೋಣ. ನಮ್ಮ ಸ್ಪೀಕರ್ ಹಿಂದೆ 87 ಡೆಸಿಬೆಲ್ ಅಂತ ಬರೆದಿದೆ. ಅಂದ್ರೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 87 ಡೆಸಿಬೆಲ್. ದೂರ ಎರಡು ಪಟ್ಟಾದಾಗ 6 ಡೆಸಿಬೆಲ್ ಇಳಿಯುತ್ತೆ. ನಾವು ಕೂರೋದು 4 ಮೀಟರ್ ದೂರದಲ್ಲಿ, ಹಾಗಾಗಿ 12 ಇಳಿದು 75 ಡೆಸಿಬೆಲ್ ಉಳಿಯಿತು. ಗೋಡೆಗಳಿಂದ ತಿರುಗಿ ಬರೋ ಸದ್ದು, ಬೇರೆ ಸ್ಪೀಕರ್‌ಗಳ ಸದ್ದು ಸೇರಿ ಒಂದು 5 ಡೆಸಿಬೆಲ್ ಸಿಗುತ್ತೆ ಅಂದುಕೊಳ್ಳಿ. 80 ಆಯ್ತು. ಅಂದ್ರೆ ಪಾತ್ರಗಳು ಮಾತಾಡೋ ಹೊತ್ತಲ್ಲಿ ಒಂದು ವ್ಯಾಟೇ ಧಾರಾಳ!

ಕ್ಲೈಮ್ಯಾಕ್ಸ್ ಫೈಟಿಗೆ 95 ಡೆಸಿಬೆಲ್ ಬೇಕು ಅಂದ್ರೆ ಇನ್ನೂ 15 ಏರಬೇಕು. 10 ಡೆಸಿಬೆಲ್ಲಿಗೆ ಹತ್ತು ಪಟ್ಟು, 5ಕ್ಕೆ ಸುಮಾರು ಮೂರು ಪಟ್ಟು, ಒಟ್ಟು 32 ವ್ಯಾಟ್ ಹತ್ರ. ಹಾಗಾಗಿ ಪ್ರಾಮಾಣಿಕವಾಗಿ ಅಳೆದ 60-70 ವ್ಯಾಟಿನ ರಿಸೀವರ್ ನಮ್ಮ ರೂಮಿಗೆ ಸಾಕು. 70ರ ಬದಲು 100 ವ್ಯಾಟಿನದ್ದು ತಂದರೆ ಹೆಚ್ಚಾಗೋದು ಬರೀ ಒಂದೂವರೆ ಡೆಸಿಬೆಲ್. ಅಷ್ಟಕ್ಕೆ ಹತ್ತು ಸಾವಿರ ಹೆಚ್ಚು ಕೊಡೋದು ದಂಡ. ತುಮಕೂರು ರಸ್ತೆಯ ಲಾರಿ ಸದ್ದು ಒಳಗೆ ಬರೋದನ್ನ ತಡೆಯೋಕೆ ಕಿಟಕಿಗೆ ದಪ್ಪ ಪರದೆ ಹಾಕಿ, ಸಂದು ಮುಚ್ಚಿದರೆ ಅದಕ್ಕಿಂತ ಹೆಚ್ಚು ಉಪಯೋಗ. ಹಿನ್ನೆಲೆ ಗದ್ದಲ ಇಳಿದಷ್ಟೂ ಸಣ್ಣ ಮಾತುಗಳು ಸ್ಪಷ್ಟ.

ಓಮ್ ಹೊಂದುತ್ತಾ?

ವ್ಯಾಟಿಗಿಂತ ಮುಖ್ಯವಾದ್ದು ಇದು, ಆದರೆ ಇದನ್ನ ಯಾರೂ ಕೇಳಲ್ಲ. ಮನೆಯಲ್ಲಿ ಬಿದ್ದಿರೋ ಹಳೇ ಡಬ್ಬಿ ಸೆಟ್ಟಿನ ಸ್ಪೀಕರ್‌ಗಳು ಎಷ್ಟೋ ಸಲ 3 ಅಥವಾ 4 ಓಮ್ ಇರುತ್ತವೆ. ಕಡಿಮೆ ಬೆಲೆಯ ರಿಸೀವರ್‌ಗಳ ಹಿಂದೆ ಸಾಮಾನ್ಯವಾಗಿ ಕನಿಷ್ಠ 6 ಓಮ್ ಅಂತ ಬರೆದಿರುತ್ತೆ. ಅದೇ ವೋಲ್ಟೇಜಿಗೆ ಅರ್ಧ ಓಮ್ ಅಂದ್ರೆ ಎರಡು ಪಟ್ಟು ಕರೆಂಟ್. ಕರೆಂಟ್ ಹೆಚ್ಚಾದಂತೆ ಔಟ್‌ಪುಟ್ ಟ್ರಾನ್ಸಿಸ್ಟರ್ ಬಿಸಿಯಾಗುತ್ತೆ, ರಕ್ಷಣಾ ಸರ್ಕ್ಯೂಟ್ ಸೆಟ್ ಆಫ್ ಮಾಡುತ್ತೆ. ಎರಡು 8 ಓಮ್ ಸ್ಪೀಕರ್‌ಗಳನ್ನ ಒಂದೇ ಟರ್ಮಿನಲ್ಲಿಗೆ ಸಮಾಂತರವಾಗಿ ಕೊಟ್ಟರೂ 4 ಓಮ್ ಆಗುತ್ತೆ, ಮರೀಬೇಡಿ.

ಡಬ್ಬಿ ಸೆಟ್ಟಿನ ಸಬ್‌ವೂಫರಿನದ್ದು ಇನ್ನೊಂದು ಕಥೆ. ಅದರೊಳಗೆ ಸ್ವಂತ ಆಂಪ್ಲಿಫೈಯರ್ ಇಲ್ಲದಿದ್ದರೆ ಸಾಮಾನ್ಯ ರಿಸೀವರಿಗೆ ನೇರ ಹೊಂದಲ್ಲ. ರಿಸೀವರಿನ ಸಬ್‌ವೂಫರ್ ತೂತಿನಿಂದ ಬರೋದು ಸಣ್ಣ ಸಿಗ್ನಲ್ ಅಷ್ಟೇ. ಗೋಡೆಯ ಪ್ಲಗ್ಗಿಗೆ ಪ್ರತ್ಯೇಕ ವಯರ್ ಇರೋ ಸಬ್‌ವೂಫರ್ ಆದರೆ ಸರಿ.

ಎಚ್‌ಡಿಎಂಐ: ನಿಮ್ಮ ಹತ್ರ ಏನಿದೆಯೋ ಅದರ ಮೇಲೆ

ಎಚ್‌ಡಿಎಂಐ 2.0 ಸೆಕೆಂಡಿಗೆ 18 ಗಿಗಾಬಿಟ್ ಹೊರುತ್ತೆ, 2.1ರ ಗರಿಷ್ಠ 48. 4ಕೆ ಚಿತ್ರ ಸೆಕೆಂಡಿಗೆ 60 ಫ್ರೇಮ್ ಬರೋಕೆ 2.0 ಸಾಕು. 120 ಫ್ರೇಮಿನ ಆಟ ಆಡೋ ಹೊಸ ಕನ್ಸೋಲ್, ಅದಕ್ಕೆ ತಕ್ಕ ಟಿವಿ ಎರಡೂ ಇದ್ದರೆ ಮಾತ್ರ 2.1ಕ್ಕೆ ದುಡ್ಡು ಹಾಕಿ. ನಮ್ಮದು 1080ಪಿ ಪ್ರೊಜೆಕ್ಟರ್. 2.1 ನಮಗೆ ಬೇಡವೇ ಬೇಡ.

ಟಿವಿ ಇರುವ ಮನೆಯಲ್ಲಿ ನೋಡಬೇಕಾದ್ದು ಆರ್ಕ್ ಮತ್ತು ಇ-ಆರ್ಕ್. ಟಿವಿಯೊಳಗಿನ ಒಟಿಟಿ ಆ್ಯಪ್‌ನ ಸದ್ದು ಅದೇ ಎಚ್‌ಡಿಎಂಐ ಕೇಬಲ್ಲಿನಲ್ಲಿ ಹಿಂದಕ್ಕೆ ರಿಸೀವರಿಗೆ ಬರೋ ದಾರಿ ಇದು. ಸಾದಾ ಆರ್ಕ್‌ನಲ್ಲಿ ಒತ್ತಿಟ್ಟ ಡಾಲ್ಬಿ ಸದ್ದು ಬರುತ್ತೆ. ಬ್ಲೂರೇ ಡಿಸ್ಕಿನ ಟ್ರೂಎಚ್‌ಡಿ ಥರದ ದೊಡ್ಡ ಸಿಗ್ನಲ್ ಟಿವಿ ಮೂಲಕ ಬರಬೇಕಾದರೆ ಇ-ಆರ್ಕ್ ಬೇಕು. ಒಟಿಟಿ ಮಾತ್ರ ನೋಡೋರಿಗೆ ಸಾದಾ ಆರ್ಕ್ ಬಹುಮಟ್ಟಿಗೆ ಸಾಕು.

ಇನ್ನು ಅಜ್ಜನ ಕಾಲದ ರಿಸೀವರ್ ಇದ್ದು ಅದಕ್ಕೆ ಎಚ್‌ಡಿಎಂಐ ಇಲ್ಲ ಅಂತ ಎಸೆಯಬೇಡಿ. ಆಪ್ಟಿಕಲ್ ತೂತು ಇದ್ದರೆ ಅದರಲ್ಲೂ ಡಾಲ್ಬಿ ಡಿಜಿಟಲ್ 5.1 ಬರುತ್ತೆ. ಟಿವಿಯ ಆಪ್ಟಿಕಲ್ ಔಟಿನಿಂದ ಒಂದು ಕೇಬಲ್ ಎಳೆದರೆ ಮುಗೀತು.

ಲ್ಯಾಪ್‌ಟಾಪ್ ಹಾಕಿ ನೋಡೋರಿಗೆ ಒಂದು ಮಾತು. ಹಲವು ಒಟಿಟಿಗಳು ಬ್ರೌಸರ್‌ನಲ್ಲಿ ಸ್ಟೀರಿಯೋ ಮಾತ್ರ ಕೊಡುತ್ತವೆ. ಅದೇ ಸಿನಿಮಾ ಸ್ಟ್ರೀಮಿಂಗ್ ಸ್ಟಿಕ್ಕಿನಲ್ಲಿ 5.1 ಬರುತ್ತೆ. "ಹಿಂದಿನ ಸ್ಪೀಕರ್ ಕೆಲಸ ಮಾಡ್ತಿಲ್ಲ ಮಗಾ" ಅಂತ ರಿಸೀವರಿಗೆ ಬೈಯೋ ಮುಂಚೆ ಇದನ್ನ ನೋಡಿ.

ಅಟ್ಮಾಸ್ ಬೇಕಾ?

ಡಾಲ್ಬಿ ಅಟ್ಮಾಸ್ 2012ರಲ್ಲಿ ಥಿಯೇಟರಿಗೆ ಬಂತು, 2014ರಲ್ಲಿ ಮನೆಗೆ. 5.1.2 ಅಂದ್ರೆ ಐದು ಸ್ಪೀಕರ್, ಒಂದು ಸಬ್‌ವೂಫರ್, ಮೇಲೆ ಎರಡು ಸ್ಪೀಕರ್. ಇದಕ್ಕೆ ಏಳು ಚಾನೆಲ್ಲಿನ ಆಂಪ್ಲಿಫೈಯರ್ ಬೇಕು, ಎರಡು ಸ್ಪೀಕರ್ ಹೆಚ್ಚುವರಿ ಬೇಕು, ಚಾವಣಿಗೆ ತೂತು ಕೊರೆಯೋಕೆ ಅನುಮತಿಯೂ ಬೇಕು. ಪಿಜಿ ಓನರ್ ಆಂಟಿ ಗೋಡೆಗೆ ಮೊಳೆ ಹೊಡೆದರೇ ಅಡ್ವಾನ್ಸ್ ಮುರಿಯೋ ಕಾಲ ಇದು! ಅಟ್ಮಾಸ್ ಸಿನಿಮಾ 5.1 ರಿಸೀವರಿನಲ್ಲೂ ಓಡುತ್ತೆ. ಮೇಲಿನ ಸದ್ದುಗಳು ಸುತ್ತಲಿನ ಸ್ಪೀಕರ್‌ಗಳಿಗೇ ಹಂಚಿಹೋಗುತ್ತವೆ, ಏನೂ ಕಳೆದುಹೋಗಲ್ಲ. ನಾವು 5.1ಕ್ಕೇ ನಿಂತೆವು.

ಮೈಕ್ ಬಿಡಬೇಡಿ

ಈ ಬೆಲೆಯಲ್ಲಿ ನಾವು ಬಿಡಬಾರದು ಅಂದುಕೊಂಡ ಒಂದು ಸೌಲಭ್ಯ ಇದ್ದರೆ ಅದು ಕೋಣೆ ಅಳೆಯೋ ಮೈಕ್. ಯಮಹಾದಲ್ಲಿ ವೈಪಿಎಒ, ಡೆನಾನ್‌ನ ಹಲವು ಮಾದರಿಗಳಲ್ಲಿ ಆಡಿಸಿ ಅನ್ನೋ ಹೆಸರಿನಲ್ಲಿ ಬರುತ್ತೆ. ಮೈಕನ್ನ ಕೂರುವ ಜಾಗದಲ್ಲಿ ಇಟ್ಟರೆ ರಿಸೀವರ್ ತಾನೇ ಸದ್ದು ಹೊರಡಿಸಿ ಪ್ರತಿ ಸ್ಪೀಕರಿನ ದೂರ, ಮಟ್ಟ ಅಳೆದು ಹೊಂದಿಸುತ್ತೆ.

ಆದರೆ ಕೋಣೆಯ ಭೌತಶಾಸ್ತ್ರವನ್ನ ಮೈಕ್ ಪೂರ್ತಿ ಗೆಲ್ಲಲಾರದು. 4 ಮೀಟರ್ ಉದ್ದದ ಕೋಣೆಯಲ್ಲಿ ಮೊದಲ ಸ್ಥಿರ ತರಂಗ 343 ಭಾಗಿಸು 8, ಅಂದ್ರೆ ಸುಮಾರು 43 ಹರ್ಟ್ಸ್. ಆ ಸ್ವರ ಗೋಡೆ ಹತ್ರ ಗುಡುಗುತ್ತೆ, ನಡುವೆ ಮಾಯ. ಸಬ್‌ವೂಫರನ್ನ ನೀವು ಕೂರೋ ಕುರ್ಚಿ ಮೇಲಿಟ್ಟು, ಒಂದು ಬೇಸ್ ಹಾಡು ಹಾಕಿ, ಗೋಡೆಗುಂಟ ಅಂಬೆಗಾಲಿಟ್ಟು ಕೇಳುತ್ತಾ ಹೋಗಿ. ಎಲ್ಲಿ ಸಮವಾಗಿ ಕೇಳಿಸುತ್ತೋ ಅಲ್ಲಿ ಸಬ್‌ವೂಫರ್ ಇಡಿ. ನೋಡೋಕೆ ನಗು ಬರುತ್ತೆ, ಖರ್ಚು ಸೊನ್ನೆ.

ಹೊಸದಾ, ಹಳೇದಾ, ಅಮೆರಿಕದ್ದಾ?

"ನಮ್ಮಣ್ಣ ನ್ಯೂಜೆರ್ಸಿಯಿಂದ ಬರ್ತಿದ್ದಾನೆ, ಅಲ್ಲಿ ಅಗ್ಗ, ತರಿಸೋಣ" ಅಂತ ಸಂಘದಲ್ಲೇ ಒಂದು ಸಲಹೆ ಬಂತು. ಅಲ್ಲಿನ ರಿಸೀವರ್ ಸಾಮಾನ್ಯವಾಗಿ 120 ವೋಲ್ಟಿಗೆ ಮಾಡಿದ್ದು, ನಮ್ಮ ಪ್ಲಗ್ಗಿನಲ್ಲಿ 230. ನೇರ ಹಾಕಿದರೆ ಹೊಗೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಪೀಣ್ಯದಲ್ಲಿ ಸುತ್ತಿಸಬಹುದು, ಆದರೆ ಅದರ ಬೆಲೆ, ಭಾರ, ಇಲ್ಲಿ ವಾರಂಟಿ ಸಿಗದ ತೊಂದರೆ ಎಲ್ಲ ಕೂಡಿಸಿದರೆ ಉಳಿತಾಯ ಅಲ್ಲಿಗಲ್ಲಿಗೆ.

ಸೆಕೆಂಡ್ ಹ್ಯಾಂಡ್ ಒಳ್ಳೇ ದಾರಿ, ಪರೀಕ್ಷಿಸೋಕೆ ಬಂದರೆ ಮಾತ್ರ. ಪ್ರತಿ ಎಚ್‌ಡಿಎಂಐ ತೂತಿಗೂ ಲ್ಯಾಪ್‌ಟಾಪ್ ಹಾಕಿ ನೋಡಿ. ಪ್ರತಿ ಚಾನೆಲ್ಲಿಗೂ ಒಂದೇ ಸ್ಪೀಕರ್ ಬದಲಿಸಿ ಬದಲಿಸಿ ಕೇಳಿ. ವಾಲ್ಯೂಮ್ ತಿರುಗಿಸುವಾಗ ಕರಕರ ಸದ್ದು ಬರುತ್ತಾ, ಅರ್ಧ ಗಂಟೆ ಓಡಿದ ಮೇಲೆ ತಾನೇ ಆಫ್ ಆಗುತ್ತಾ ನೋಡಿ. ಮೈಕ್, ರಿಮೋಟ್ ಇದೆಯಾ ಕೇಳಿ.

ಹೊಸದಾದರೂ ಬ್ರ್ಯಾಂಡ್ ಹೆಸರೊಂದೇ ನಂಬಬೇಡಿ. ಆಂಕ್ಯೋದ ಮೂಲ ಜಪಾನಿ ಕಂಪನಿ 2022ರಲ್ಲಿ ದಿವಾಳಿ ಎದ್ದಿತು, ಹೆಸರು ಬೇರೆಯವರ ಕೈಲಿ ಮುಂದುವರಿದಿದೆ. ಡೆನಾನ್, ಮರಾಂಟ್ಜ್ 2025ರಲ್ಲಿ ಹಾರ್ಮನ್ ತೆಕ್ಕೆಗೆ ಬಂದವು. ಹಾಗಾಗಿ ಕೇಳಬೇಕಾದ್ದು ಒಂದೇ, "ಬೆಂಗಳೂರಲ್ಲಿ ಸರ್ವಿಸ್ ಎಲ್ಲಿ, ಯಾರು ಮಾಡ್ತಾರೆ?" ವಿಳಾಸ ಕೊಡದಿದ್ದರೆ ಎದ್ದು ಬನ್ನಿ.

ದುಡ್ಡು ಹಂಚಿದ್ದು ಹೀಗೆ

ಇಡೀ 35,000 ರಿಸೀವರಿಗೇ ಸುರಿಯೋದಲ್ಲ. ರಿಸೀವರಿಗೆ ಹೆಚ್ಚೆಂದರೆ 29,000. ವಯರ್, ಪ್ಲಗ್, ಕೇಬಲ್ಲಿಗೆ 2,500. ಸ್ಪೈಕ್ ತಡೆಯೋ ಒಳ್ಳೇ ಬೋರ್ಡಿಗೆ 1,500. ಉಳಿದ 2,000 ಕೈಯಲ್ಲಿ, ಮುಂದಿನ ವರ್ಷದ ರಿಪೇರಿಗೆ.

ವಯರಿಗೆ ಮಾದಾವರದಲ್ಲಿ ಮೆಟ್ರೋ ಹತ್ತಿದರೆ ಅದೇ ಹಸಿರು ಮಾರ್ಗ ಚಿಕ್ಕಪೇಟೆಗೆ ಬಿಡುತ್ತೆ, ಅಲ್ಲಿಂದ ಎಸ್.ಪಿ. ರಸ್ತೆಗೆ ನಡೀಬಹುದು. ಚಿನ್ನ ಲೇಪಿಸಿದ ದುಬಾರಿ ವಯರ್ ಬೇಕಾಗಿಲ್ಲ. 1.5 ಚದರ ಮಿ.ಮೀ. ತಾಮ್ರದ ವಯರ್ 10 ಮೀಟರ್ ಎಳೆದರೆ, ಹೋಗಿ ಬರೋ 20 ಮೀಟರಿಗೆ ಸುಮಾರು ಕಾಲು ಓಮ್. 8 ಓಮ್ ಸ್ಪೀಕರಿಗೆ ಅದು ಶೇ. 3ರಷ್ಟು, ಕಿವಿಗೆ ಗೊತ್ತಾಗಲ್ಲ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವಯರ್ ಕೊಟ್ಟು ತಾಮ್ರದ ಬೆಲೆ ತಗೋಬಹುದು, ತುದಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಬೇಡ.

ಬಿಲ್ ಹಾಕಿಸೋ ಮುಂಚೆ

ಸ್ಪೀಕರಿನ ಓಮ್, ರಿಸೀವರಿನ ಕನಿಷ್ಠ ಓಮ್ ಹೋಲಿಸಿ. ನಿಮ್ಮ ಸಾಧನಗಳನ್ನ ಎಣಿಸಿ, ಅದಕ್ಕಿಂತ ಒಂದು ಎಚ್‌ಡಿಎಂಐ ತೂತು ಹೆಚ್ಚು ಇರಲಿ. ಇಡೋ ಜಾಗ ಟೇಪ್ ಹಿಡಿದು ಅಳೆಯಿರಿ, ಮೇಲೆ ಕನಿಷ್ಠ ಅರ್ಧ ಅಡಿ ಗಾಳಿ ಬೇಕು. ಕ್ಲಾಸ್ ಬಿ ಆಂಪ್ಲಿಫೈಯರಿನ ದಕ್ಷತೆ ಪುಸ್ತಕದಲ್ಲೇ ಶೇ. 78.5 ದಾಟಲ್ಲ, ಈ ರಿಸೀವರ್‌ಗಳ ಒಳಗಿರೋ ಎಬಿಯದು ಅದಕ್ಕಿಂತ ಕಡಿಮೆ. ಉಳಿದದ್ದೆಲ್ಲ ಶಾಖ. ಬಾಗಿಲು ಮುಚ್ಚಿದ ಬೀರುವಿನೊಳಗೆ ಇಟ್ಟರೆ ಆಯುಸ್ಸು ಕಡಿಮೆಯಾಗುತ್ತೆ. ಸೀಲ್ ಇರೋ ವಾರಂಟಿ ಕಾರ್ಡ್, ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲಿ. ಕೊನೆಯದಾಗಿ, ನಿಮಗೆ ಬಾಯಿಪಾಠ ಇರೋ ಒಂದು ಕನ್ನಡ ಹಾಡನ್ನ ಪೆನ್‌ಡ್ರೈವ್‌ನಲ್ಲಿ ಅಂಗಡಿಗೆ ಒಯ್ದು ಹಾಕಿಸಿ. ಅವರ ಡೆಮೊ ಹಾಡು ಎಲ್ಲ ಸೆಟ್ಟಿನಲ್ಲೂ ಚೆನ್ನಾಗೇ ಕೇಳಿಸುತ್ತೆ. ಗಾಯಕರ ಉಸಿರು ಎಲ್ಲಿ ಕೇಳಿಸಬೇಕು ಅಂತ ನಿಮಗೆ ಗೊತ್ತಿರೋದು ನಿಮ್ಮ ಹಾಡಿನಲ್ಲೇ.